ತಾಮ್ರದ ಅಂಗಿ

ಹೊಳೆ ದಂಡೆಯಲ್ಲಿ ತಗಡಿನ ಸೂರಿನ ಒಂದು ಕಾರ್ಯಾಗಾರವಿತ್ತು. ಊರಿನವರು ಅದನ್ನು ಚಳಿ ಆಶ್ರಮ ಎಂದು ಕರೆದು ನಗುತ್ತಿದ್ದರು. ಜಟೆ ಬಿಟ್ಟವರು ಅಲ್ಲಿ ಯಾರೂ ಇರಲಿಲ್ಲ. ಆದರೆ ಒಬ್ಬ ಗುರು ಇದ್ದರು, ಒಬ್ಬ ಶಿಷ್ಯೆ ಇದ್ದಳು.

ಗುರು ಶಿವಲಿಂಗಯ್ಯ ಮೇಷ್ಟ್ರು ತಂತಿ ಸುತ್ತಿ ಅಯಸ್ಕಾಂತ ಮಾಡುತ್ತಿದ್ದರು. ಅದು ಅಂತಿಂಥ ತಂತಿಯಲ್ಲ. ದ್ರವ ಹೀಲಿಯಮ್ಮಿನ ಕಡುಚಳಿಯಲ್ಲಿ ಮುಳುಗಿಸಿ ಒಮ್ಮೆ ವಿದ್ಯುತ್ತು ಹರಿಸಿದರೆ ಸಾಕು, ಆಮೇಲೆ ಕೊಡುವುದನ್ನು ನಿಲ್ಲಿಸಿದರೂ ಅದು ತನ್ನಷ್ಟಕ್ಕೆ ಸುತ್ತುತ್ತಲೇ ಇರುತ್ತದೆ. ಆದರೆ ತುದಿಗೆ ತುದಿ ಕೂಡಿಸಿದ ಜಾಗ ಒಂದಿಷ್ಟು ತಕರಾರು ಮಾಡಿದರೂ ಎಲ್ಲ ಸೋರಿಹೋಗುತ್ತದೆ.

ಆ ಬೆಸುಗೆಯಲ್ಲಿ ಮೇಷ್ಟ್ರು ಎತ್ತಿದ ಕೈ. ಈಗ ಆ ಕೈ ನಡುಗತೊಡಗಿತ್ತು.

"ನನ್ನ ಕೈ ಹೋಯ್ತು, ದಾಕ್ಷಾಯಿಣಿ," ಎಂದರು ಒಂದು ಬೆಳಿಗ್ಗೆ. "ದೊಡ್ಡದರ ಕೊನೇ ಬೆಸುಗೆ ನೀನೇ ಹಾಕ್ಬೇಕು."

ದೊಡ್ಡದು ಎಂದರೆ ವರ್ಷಗಟ್ಟಲೆ ಇಬ್ಬರೂ ಕೂತು ಸುತ್ತಿದ ಅಯಸ್ಕಾಂತ. ಉಳಿದಿದ್ದ ಹೀಲಿಯಂ ಅದನ್ನು ಒಂದೇ ಸಲ ತಣಿಸಲು ಸಾಕಾಗುತ್ತಿತ್ತು. ಬೆಸುಗೆ ಕೈಕೊಟ್ಟರೆ ಆಶ್ರಮಕ್ಕೆ ಬೀಗ. ದಾಕ್ಷಾಯಿಣಿಗೆ ಹೆದರಿಕೆಯಾಯಿತು. ಒಳಗೊಳಗೇ ಒಂದಿಷ್ಟು ಜಂಬವೂ ಇತ್ತೆನ್ನಿ.

ಪರೀಕ್ಷೆಗೆಂದು ಚೂರು ಹೀಲಿಯಂ ಬೇರೆ ಇಟ್ಟಿದ್ದರು. ಅವಳು ತುಂಡು ತಂತಿಯಿಂದ ಒಂದು ಬಳೆ ಮಾಡಿದಳು. ತುದಿಗಳನ್ನು ಉಜ್ಜಿ ಫಳಫಳ ಹೊಳೆಸಿ, ಬೆಸೆದು, ಮೀಟರು ಹಿಡಿದಳು. ವಿದ್ಯುತ್ತಿಗಿರುವ ತಡೆಯನ್ನು ಅದು ಇಲ್ಲವೆನ್ನುವಷ್ಟು ಕಡಿಮೆ ತೋರಿಸಿತು.

"ನೋಡಿ ಮೇಷ್ಟ್ರೇ, ಹೇಗಿದೆ?"

"ಮುಳುಗಿಸು."

ಬಳೆಯನ್ನು ಚಳಿಗಿಳಿಸಿ, ವಿದ್ಯುತ್ತು ಹರಿಸಿ, ಕೊಡುವುದನ್ನು ನಿಲ್ಲಿಸಿದಳು. ಪಕ್ಕದಲ್ಲಿಟ್ಟ ದಿಕ್ಸೂಚಿಯ ಮುಳ್ಳು ಬಳೆಯತ್ತ ತಿರುಗಿ ನಿಂತಿತ್ತು. ಅವಳು ಬಗ್ಗಿ ನೋಡಿದಳು. ಮುಳ್ಳು ಮೆಲ್ಲಗೆ ಜಾರುತ್ತಾ ಉತ್ತರಕ್ಕೆ ಮರಳಿತು.

ಇನ್ನೊಂದು ಬಳೆ ಮಾಡಿದಳು. ಇನ್ನಷ್ಟು ಉಜ್ಜಿದಳು, ಬೆಸುಗೆ ಇನ್ನಷ್ಟು ಸುರಿದಳು. ಮೀಟರು ಇನ್ನೂ ಹೊಗಳಿತು. ಮುಳ್ಳು ಮತ್ತೆ ಉತ್ತರಕ್ಕೇ ಹೋಯಿತು. ಚೂರು ಹೀಲಿಯಂ ಅಲ್ಲಿಗೆ ಮುಗಿಯಿತು.

"ತಪ್ಪೆಲ್ಲಿದೆ ಮೇಷ್ಟ್ರೇ?"

ಮೇಷ್ಟ್ರು ಮೇಜಿನ ಬಳಿ ಬಂದರು. ಅದೇ ತಂತಿಯ ಒಂದು ತುಂಡನ್ನು ಇಕ್ಕಳದಲ್ಲಿ ಹಿಡಿದು ಆಮ್ಲದಲ್ಲಿ ಅದ್ದಿದರು. ಹೊಳೆಯುವ ತಾಮ್ರವೆಲ್ಲ ಕರಗಿ ನೀಲಿಯಾಗಿ ಹೋಯಿತು. ಕೂದಲಿನಂಥ ಬೂದು ಎಳೆಗಳು ಮಾತ್ರ ಉಳಿದವು.

"ಅಳೆ."

ಅಳೆದಳು. "ಅಯ್ಯೋ, ತಡೆ ಎಷ್ಟೋ ಪಟ್ಟು ಜಾಸ್ತಿಯಾಯ್ತು! ಕೆಟ್ಟೋಯ್ತಲ್ಲ ಮೇಷ್ಟ್ರೇ!"

"ಯಾರು ಹೇಳಿದ್ದು?"

"ಮೀಟರು."

"ಅದು ಎಲ್ಲಿ ಕೂತು ಹೇಳ್ತಿದೆ?"

"ಇಲ್ಲೇ, ಮೇಜಿನ ಮೇಲೆ."

"ಇಲ್ಲಿ ತುಂಬಾ ಸೆಖೆ, ಅಲ್ವಾ?" ಎಂದು ಮೇಷ್ಟ್ರು ಟವೆಲು ಹೆಗಲಿಗೆ ಹಾಕಿಕೊಂಡು ಹೊಳೆಗೆ ಸ್ನಾನಕ್ಕೆ ಹೊರಟೇಬಿಟ್ಟರು.

ದಾಕ್ಷಾಯಿಣಿಗೆ ಸಿಟ್ಟು ನೆತ್ತಿಗೇರಿತು. ಮನೆಗೆ ಬೆಂಕಿ ಬಿದ್ದಿರುವಾಗ ಇವರಿಗೆ ಸ್ನಾನದ ಚಿಂತೆ! ಇಕ್ಕಳವನ್ನು ಕುಕ್ಕಿದಳು. ಆಮೇಲೆ ಆ ಎಳೆಗಳನ್ನು ನೋಡುತ್ತಾ ಕೂತಳು.

ಸೆಖೆಯಲ್ಲಿ ವಿದ್ಯುತ್ತು ಹರಿಸಲು ತಾಮ್ರವೇ ಜಾಣ, ಎಳೆಗಳು ದಡ್ಡ. ಆ ಚಳಿಯಲ್ಲಿ? ಅಲ್ಲಿ ದಾರಿ ಬಿಡುವುದು ಈ ದಡ್ಡ ಎಳೆಗಳೇ. ಅಡ್ಡ ನಿಲ್ಲುವುದು ತಾಮ್ರ. ಇಷ್ಟು ಹೊತ್ತು ಅವಳು ಮೈಗೆ ಮೈ ಕೂಡಿಸಿರಲೇ ಇಲ್ಲ, ತಾಮ್ರದ ಅಂಗಿಗೆ ಅಂಗಿ ಹೊಲಿದಿದ್ದಳು!

ಕರಗಿದ ತವರದ ಕುಡಿಕೆಯಲ್ಲಿ ತಂತಿ ಅದ್ದಿ ಮೇಷ್ಟ್ರು ಬಹಳ ಹೊತ್ತು ಕೂರುತ್ತಿದ್ದುದು ನೆನಪಾಯಿತು. ವಯಸ್ಸಾಯಿತು, ತೂಕಡಿಸುತ್ತಾರೆ ಎಂದುಕೊಂಡಿದ್ದಳು. ತೂಕಡಿಕೆಯಲ್ಲ ಅದು. ತವರ ತಾಮ್ರವನ್ನು ತಿಂದು ಮುಗಿಸಲಿ, ಬತ್ತಲೆ ಎಳೆಗೆ ಗಾಳಿ ಸೋಕದಿರಲಿ ಎಂದು ಕಾಯುತ್ತಿದ್ದರು.

ಅವಳು ದೊಡ್ಡದರ ತುದಿಗಳನ್ನು ತವರಕ್ಕಿಳಿಸಿ ಕಾದಳು. ಎಳೆಗಳನ್ನು ಜಡೆಯ ಹಾಗೆ ಹೆಣೆದು, ತವರದ ಹೊದಿಕೆ ಆರುವ ಮೊದಲೇ ಸೀಸ ಮತ್ತು ಬಿಸ್ಮತ್ ಲೋಹಗಳ ಪಾಕಕ್ಕೆ ಇಳಿಸಿದಳು. ಆ ಪಾಕವೂ ಚಳಿಯಲ್ಲಿ ದಾರಿ ಬಿಡುವ ಜಾತಿಯದೇ. ಹೊರಬಂದದ್ದು ಮಾತ್ರ ಕಪ್ಪಗೆ, ಸೊಟ್ಟಗೆ, ನೋಡಲಾಗದಂತಿತ್ತು.

ಮೇಷ್ಟ್ರು ತಲೆ ಒರೆಸಿಕೊಳ್ಳುತ್ತಾ ಬಂದರು.

"ಮೀಟರು ಏನನ್ನುತ್ತೆ?"

"ಕೆಟ್ಟದು ಅನ್ನುತ್ತೆ."

"ನೀನು?"

ದಾಕ್ಷಾಯಿಣಿ ಮೀಟರನ್ನು ಪಕ್ಕಕ್ಕೆ ಸರಿಸಿದಳು. "ಮುಳುಗಿಸೋಣ ಅಂತೀನಿ."

ಉಳಿದ ಹೀಲಿಯಮ್ಮೆಲ್ಲ ಸುರಿದಾಯಿತು. ವಿದ್ಯುತ್ತು ಹರಿಸಿದರು. ಬಾಗಿಲ ಬಳಿ ಇಟ್ಟಿದ್ದ ದಿಕ್ಸೂಚಿಯ ಮುಳ್ಳು ಗಿರ್ರನೆ ಅಯಸ್ಕಾಂತದತ್ತ ತಿರುಗಿತು. ಅವಳು ಕಣ್ಣು ಮುಚ್ಚಿ, ವಿದ್ಯುತ್ತು ಕೊಡುವುದನ್ನು ನಿಲ್ಲಿಸಿದಳು.

ಕಣ್ಣು ತೆರೆದಾಗ ಮುಳ್ಳು ಅಲ್ಲೇ ಇತ್ತು. ಮಧ್ಯಾಹ್ನ ಊಟ ಮಾಡಿ ಬಂದಾಗಲೂ ಅಲ್ಲೇ. ಮರುದಿನ ಬೆಳಿಗ್ಗೆ ಬಾಗಿಲು ತೆರೆದು ನೋಡಿದರೂ ಅಲ್ಲೇ, ಕೂದಲೆಳೆಯಷ್ಟೂ ಕದಲಿರಲಿಲ್ಲ.

"ನಿಂತಿದೆ ಮೇಷ್ಟ್ರೇ! ನಿಂತೇ ಇದೆ!" ಎಂದು ಅವಳು ಕೂಗಿದ ರಭಸಕ್ಕೆ ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದವರು ತಲೆಯೆತ್ತಿ ನೋಡಿದರು. ಅವಳು ನಗುತ್ತಿದ್ದಳು, ಅಳುತ್ತಲೂ ಇದ್ದಳು.

ಮೇಷ್ಟ್ರು ಮುಳ್ಳನ್ನು ನೋಡಲಿಲ್ಲ. ತವರದ ಕಲೆ ಹತ್ತಿದ ಅವಳ ಎರಡೂ ಕೈಗಳನ್ನು ತಮ್ಮ ನಡುಗುವ ಕೈಗಳಲ್ಲಿ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದರು.

"ನನ್ನ ಕೈ ಹೋಯ್ತು ಅಂದಿದ್ನಲ್ಲ," ಎಂದರು. "ಎಲ್ಲಿಗೆ ಹೋಗಿತ್ತು ಅಂತ ಈಗ ಗೊತ್ತಾಯ್ತು ನೋಡು."