ಕೈಗೆ ಸಿಗದ ಜ್ವರ

“ಗುರುಗಳೇ, ಮತ್ತೆ ಮತ್ತೆ ನೋಡಿದಾಗಲೂ ಒಂದೇ ಅಳತೆ ಬಂದರೆ ಅದು ಸರಿಯೆಂದೇ ಅಲ್ಲವೇ?”

ಕೇಳಿದವನು ಅಡಿವೆಪ್ಪ, ವೈದ್ಯವಿದ್ಯೆ ಕಲಿಯಲು ಬಂದ ಶಿಷ್ಯ. ಬೆಳಗ್ಗೆ ಒಬ್ಬ ರೋಗಿಯ ನಾಡಿಯನ್ನು ಮತ್ತೆ ಮತ್ತೆ ಹಿಡಿದು ನೋಡಿ ಅವನು ಹೇಳಿದ್ದನ್ನು ಪಂಡಿತರು ಒಪ್ಪಿರಲಿಲ್ಲ. ಅದು ಅವನ ಮನಸ್ಸನ್ನು ಕೊರೆಯುತ್ತಿತ್ತು.

ಪಂಡಿತರು ಅರೆಯುತ್ತಿದ್ದ ಬೇರನ್ನು ಅಲ್ಲಿಗೇ ಬಿಟ್ಟರು. “ನಿನಗೆ ಜಂಬ ಜಾಸ್ತಿಯಾಗಿದೆ. ಸುಮ್ಮನೆ ಕುಳಿತು ಕೇಳು,” ಎಂದರು.

ಒಂದೂರಿನಲ್ಲಿ ಒಬ್ಬ ಬಳೆಗಾರ್ತಿ. ಹೆಂಗಸರ ಅಂಗೈಯನ್ನು ಒಮ್ಮೆ ಹಿಚುಕಿದರೆ ಸಾಕು, ಯಾವ ಅಳತೆಯ ಬಳೆ ಹತ್ತುತ್ತದೆಂದು ಹೇಳಿಬಿಡುವಳು. ಹೇಳಿದ್ದು ತಪ್ಪಿದ್ದಿಲ್ಲ. ಗಂಡ ತೀರಿಕೊಂಡಿದ್ದ. ಇದ್ದವಳು ಒಬ್ಬಳೇ ಮಗಳು, ಇನ್ನೂ ಚಿಕ್ಕ ಮಗು.

ಆ ವರ್ಷ ಊರಿಗೆ ಊರೇ ಜ್ವರದಲ್ಲಿ ಮಲಗಿತು. ಮಗುವೂ ಮಲಗಿತು. ವೈದ್ಯ ಬಂದು ಒಂದು ಕಷಾಯ ಕೊಟ್ಟ. ಇದು ಬಿಟ್ಟುಬಿಟ್ಟು ಬರುವ ಜ್ವರ, ಮೈ ಕಾದರೆ ತಡಮಾಡದೆ ಕುಡಿಸು, ಕಾಯದಿದ್ದರೆ ಕುಡಿಸಲೇಬೇಡ, ಜ್ವರವಿಲ್ಲದ ಮೈಗೆ ಇದು ವಿಷ ಎಂದು ಹೇಳಿ ಪಕ್ಕದ ಊರಿನ ರೋಗಿಗಳನ್ನು ನೋಡಲು ಹೋದ.

ಬಳೆಗಾರ್ತಿ ಮಗುವಿನ ಹಣೆ ಮುಟ್ಟಿದಳು. ಬಿಸಿಯೆನಿಸಲಿಲ್ಲ. ಮಗು ನರಳುತ್ತಿದ್ದುದರಿಂದ ನಂಬಿಕೆ ಬರಲಿಲ್ಲ. ನೀರಾಡಿದ ಕೈ ಒಂದು ಹೇಳುತ್ತದೆ, ಒಲೆಯ ಮುಂದಿದ್ದ ಕೈ ಇನ್ನೊಂದು ಹೇಳುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಕೈ ಒರೆಸಿಕೊಂಡು, ಸ್ವಲ್ಪ ತಡೆದು ಮತ್ತೆ ಮುಟ್ಟಿದಳು. ಎಡಗೈಯಲ್ಲಿ ನೋಡಿದಳು, ಬೆರಳ ಹಿಂಬದಿಯಲ್ಲಿ ನೋಡಿದಳು. ಒಮ್ಮೆ ಕೊಂಚ ಹೆಚ್ಚು, ಒಮ್ಮೆ ಕೊಂಚ ಕಡಿಮೆ. ಒಟ್ಟಿನಲ್ಲಿ ಜ್ವರವಿಲ್ಲ. ನೋಡಿದಷ್ಟೂ ಅವಳಿಗೆ ಧೈರ್ಯ ಬಂತು.

ಹೀಗೆ ಅತ್ತಿತ್ತ ಓಲಾಡುವ ತಪ್ಪು ಬಡಪಾಯಿ ತಪ್ಪು, ಅಡಿವೆಪ್ಪ. ಮತ್ತೆ ಮತ್ತೆ ನೋಡಿದರೆ ತಾನಾಗಿ ಸವೆಯುತ್ತದೆ. ಇನ್ನೊಂದು ಬಗೆಯದು ಓಲಾಡುವುದಿಲ್ಲ. ಪ್ರತಿ ಸಲವೂ ಒಂದೇ ಕಡೆಗೆ ಎಳೆಯುತ್ತದೆ, ಎಷ್ಟು ಸಲ ನೋಡಿದರೂ ಕರಗುವುದಿಲ್ಲ. ಬಳೆಗಾರ್ತಿಗೂ ಜ್ವರ ಬಂದಿತ್ತು. ಸುಡುವ ಕೈಗೆ ಸುಡುವ ಹಣೆ ಸುಡಲಿಲ್ಲ.

ಅವಳೇನೂ ಪೆದ್ದಿಯಲ್ಲ. ಮೈಕೈ ನೋವು ಶುರುವಾದಾಗ ತನಗೂ ಜ್ವರವೇನೋ ಎಂದು ಸಂಶಯಪಟ್ಟಳು. ಅಕ್ಕಪಕ್ಕದವರೆಲ್ಲ ಹಾಸಿಗೆ ಹಿಡಿದಿದ್ದರು. ಯಾರನ್ನು ಕೇಳಬೇಕು? ಮಗುವಿನ ಕೆನ್ನೆಯ ಮೇಲೆ ಅಂಗೈಯಿಟ್ಟಳು.

“ನನ್ನ ಕೈ ಸುಡುತ್ತಾ, ಕೂಸೇ?”

“ಇಲ್ಲವ್ವ, ತಂಪಾಗಿದೆ. ತೆಗೀಬೇಡ.”

ಅವಳು ಕೈ ತೆಗೆಯಲಿಲ್ಲ. ಕಷಾಯ ಕುಡಿಸಲಿಲ್ಲ. ವೈದ್ಯ ತಿರುಗಿ ಬರುವಷ್ಟರಲ್ಲಿ ಮಗು ಹೋಗಿತ್ತು. ಕೆನ್ನೆಯ ಮೇಲಿದ್ದ ಅವಳ ಕೈಯನ್ನು ಅವನು ಬಿಡಿಸಲು ಹಿಡಿದಾಗ ಅದು ಕಾದಿತ್ತು. ವೈದ್ಯನಿಗೆ ಎಲ್ಲ ತಿಳಿಯಿತು. ಎಷ್ಟು ಸಲ ನೋಡಿದೆನಲ್ಲ, ಎಷ್ಟು ಸಲ ನೋಡಿದೆನಲ್ಲ ಎಂದು ಅವಳು ಅದನ್ನೇ ಹೇಳುತ್ತಿದ್ದಳು.

ಪಂಡಿತರು ಕತೆ ನಿಲ್ಲಿಸಿದರು. ಅಡಿವೆಪ್ಪ ಮರುಗಿ ಕೇಳಿದ.

“ಆ ತಾಯಿ ಇನ್ನಷ್ಟು ಜಾಗ್ರತೆಯಿಂದ ನೋಡಿದ್ದರೆ ಮಗು ಉಳಿಯುತ್ತಿತ್ತೇನೋ, ಗುರುಗಳೇ?”

“ಇಲ್ಲಪ್ಪ, ಒಂದೇ ಸಲ ಮುಟ್ಟಿ ಬಿಟ್ಟಿದ್ದರೆ ಉಳಿಯುತ್ತಿತ್ತು, ಅವಳಿಗೆ ಅನುಮಾನವಿರುತ್ತಿತ್ತು, ಮಗುವಿನ ನರಳಾಟಕ್ಕೆ ಹೆದರಿ ಕಷಾಯ ಕುಡಿಸಿಬಿಡುತ್ತಿದ್ದಳು.”