ಬ್ಲಾಗಿನ ಫೋಲ್ಡರೂ ಹೆರಿಗೆಯ ಕೋಣೆಯೂ

“ಗುರುಗಳೇ, ನಿಮ್ಮ ಪ್ರವಚನಗಳ ಬ್ಲಾಗನ್ನು ನಮ್ಮ ಜಾಲತಾಣದ ಮುಖ್ಯ ಫೋಲ್ಡರಿನಲ್ಲೇ ಇನ್‌ಸ್ಟಾಲ್ ಮಾಡಲೇ, ಒಳಗೊಂದು ಬೇರೆ ಫೋಲ್ಡರು ಮಾಡಿ ಅಲ್ಲಿಡಲೇ?” ಎಂದು ಶಿಷ್ಯ ಚನ್ನವೀರ ಕೇಳಿದ.

ಅವರ ಆಶ್ರಮ ದೊಡ್ಡಾಸ್ಪತ್ರೆಯ ಎದುರಿಗಿತ್ತು. ದೂರದೂರುಗಳಿಂದ ಬರುವ ರೋಗಿಗಳ ಮನೆಯವರಿಗೆ ಅಲ್ಲಿ ಉಚಿತವಾಗಿ ಕೋಣೆ ಕೊಡುತ್ತಿದ್ದರು. ಚನ್ನವೀರ ಲ್ಯಾಪ್‌ಟಾಪ್ ತಿರುಗಿಸಿ ತಾಣದ ಮೆನು ತೋರಿಸಿದ. ಮೊದಲು ಗುರುಪರಂಪರೆ, ಆಮೇಲೆ ಗುರುಗಳ ಬಾಳು, ಗುರುಗಳ ಭಾವಚಿತ್ರ. ಕೋಣೆ ಕೇಳುವ ಪುಟ ಕೊನೆಯ ‘ಇತರೆ’ಯ ಒಳಗಿತ್ತು.

“ಮುಖ್ಯ ಫೋಲ್ಡರಿನಲ್ಲಿದ್ದರೆ ತಾಣ ತೆರೆದೊಡನೆ ನಿಮ್ಮ ಮಾತೇ ಕಾಣುತ್ತದೆ. ಒಳಗಿಟ್ಟರೆ ನಿಮ್ಮನ್ನು ಮೂಲೆಗೆ ಕೂರಿಸಿದಂತೆ. ನನಗೆ ಮನಸ್ಸು ಒಪ್ಪುತ್ತಿಲ್ಲ” ಎಂದ.

ಗುರುಗಳು ನಕ್ಕರು. “ಭಲೇ! ನಾನಿನ್ನೂ ಬದುಕಿರುವಾಗಲೇ ನನ್ನ ಗದ್ದುಗೆ ಕಟ್ಟಿಬಿಟ್ಟೆಯಲ್ಲೋ! ಕೂತುಕೋ, ಒಂದು ಕತೆ ಕೇಳು” ಎಂದು ಶುರುಮಾಡಿದರು.

ಒಬ್ಬ ವರ್ತಕನಿದ್ದ. ಅವನ ಹೆಂಡತಿ ತುಂಬು ಗರ್ಭಿಣಿ. ತವರಿಗೆ ಹೋಗುವ ದಾರಿಯಲ್ಲಿ ನೋವು ಬಂದು, ತಲೆಯ ಮೇಲೊಂದು ಸೂರಿಲ್ಲದೆ ತೀರಿಕೊಂಡಳು. ಮಗುವೂ ಉಳಿಯಲಿಲ್ಲ. ಇನ್ನೊಬ್ಬಳಿಗೆ ಈ ಗತಿ ಬರಬಾರದೆಂದು ಅವನು ಅದೇ ದಾರಿಯಲ್ಲಿ ಛತ್ರ ಕಟ್ಟಿಸಿದ. ಹೆರಿಗೆಗೆಂದೇ ಒಂದು ಕೋಣೆ ಮಾಡಿ, ಸೂಲಗಿತ್ತಿಯನ್ನು ಇರಿಸಿದ. ಹಂಡೆಯಲ್ಲಿ ಸದಾ ಬಿಸಿನೀರು ಇರುತ್ತಿತ್ತು.

ಆದರೆ ಹೆಂಡತಿಯೆಂದರೆ ಅವನಿಗೆ ಪ್ರಾಣ. ಮುಂಬಾಗಿಲಿನ ಪಡಸಾಲೆಯನ್ನು ಅವಳ ನೆನಪಿಗೆ ಬಿಟ್ಟ. ದಿನಾ ಸಂಜೆ ಅಲ್ಲಿ ಕೂತು ಅವಳ ಕತೆ ಹೇಳುತ್ತಿದ್ದ. ಕೇಳಲು ಜನ ಕಿಕ್ಕಿರಿಯುತ್ತಿದ್ದರು. ಹೆರಿಗೆಯ ಕೋಣೆ ಮಾತ್ರ ಪಡಸಾಲೆ ದಾಟಿ, ಉಗ್ರಾಣ ದಾಟಿ, ಹಿತ್ತಲ ಕಡೆಗೆ. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಸುಮ್ಮನೆಯೇ?

ಒಂದು ಸಂಜೆ ಅವನು ಕತೆ ಮುಗಿಸಿ ಹೊರಗೆ ಬಂದಾಗ ಗೋಡೆಯಾಚೆ ಕೂಸಿನ ಅಳು ಕೇಳಿಸಿತು. ಓಡಿ ಹೋಗಿ ನೋಡಿದ. ಅಯ್ಯೋ ಶಿವನೇ! ಒಬ್ಬ ಹೆಣ್ಣುಮಗಳು ಬರೀ ನೆಲದ ಮೇಲೆ ಹೆತ್ತು ನಡುಗುತ್ತಿದ್ದಳು. ಸೂಲಗಿತ್ತಿಯನ್ನು ಕೂಗಿ ಕರೆದು ತಾಯಿಮಗುವನ್ನು ಒಳಗೆ ಸಾಗಿಸಿದ. ಪುಣ್ಯಕ್ಕೆ ಇಬ್ಬರೂ ಉಳಿದರು.

ಅವಳು ಚೇತರಿಸಿಕೊಂಡ ಮೇಲೆ ವರ್ತಕ ಕೇಳಿದ. “ಬಾಗಿಲು ತೆರೆದೇ ಇತ್ತಲ್ಲ ತಾಯಿ, ಯಾಕೆ ಒಳಗೆ ಬರಲಿಲ್ಲ?”

“ಬಂದಿದ್ದೆ ಅಣ್ಣಾ, ಹೊಸಿಲ ತನಕ ಬಂದಿದ್ದೆ. ನೀವು ಯಾರದೋ ಪುಣ್ಯಕತೆ ಹೇಳುತ್ತಿದ್ದಿರಿ, ಎಲ್ಲರೂ ಕಣ್ಣೊರೆಸಿಕೊಳ್ಳುತ್ತಿದ್ದರು. ಅಷ್ಟು ಜನರ ನಡುವೆ ಈ ಹೊಟ್ಟೆ ಹೊತ್ತು ಹ್ಯಾಗೆ ಬರಲಿ? ಇದು ನನ್ನಂಥವರ ಜಾಗವಲ್ಲ ಅನ್ನಿಸಿತು.”

ವರ್ತಕ ಬಿಕ್ಕಿಬಿಕ್ಕಿ ಅತ್ತ. ಮರುದಿನವೇ ಹೆರಿಗೆಯ ಕೋಣೆಯನ್ನು ಮುಂಬಾಗಿಲ ಪಕ್ಕಕ್ಕೆ ತಂದ. ಬಾಗಿಲ ಮೇಲೆ ‘ಹೆರಿಗೆಯ ಕೋಣೆ’ ಎಂದಷ್ಟೇ ಬರೆಸಿದ. ಹೆಂಡತಿಯ ನೆನಪಿಗೆ ಅದೇ ಆವರಣದ ಒಳಗೆ ಬೇರೊಂದು ಕೋಣೆ ಕಟ್ಟಿಸಿ, ಅದಕ್ಕೆ ಅದರದೇ ಬಾಗಿಲು ಇಡಿಸಿದ. ಕತೆ ಬೇಕಾದವರು ಹುಡುಕಿಕೊಂಡು ಅಲ್ಲಿಗೇ ಹೋದರು.

ಗುರುಗಳು ಕತೆ ನಿಲ್ಲಿಸಿದರು. ಚನ್ನವೀರನಿಗೆ ಇನ್ನೂ ಸಮಾಧಾನವಿಲ್ಲ. “ನಿಮ್ಮ ಮೇಲಿನ ಪ್ರೀತಿಗೆ ನಿಮ್ಮನ್ನು ಮುಂದಿಟ್ಟೆ ಗುರುಗಳೇ. ಪ್ರೀತಿಸುವುದು ತಪ್ಪೇ?” ಎಂದ.

ಗುರುಗಳು ಅವನ ತಲೆ ಸವರಿದರು. “ಆ ಪ್ರೀತಿಯಲ್ಲಿ ಇವತ್ತು ಯಾರನ್ನು ಹೊರಗೆ ನಿಲ್ಲಿಸಿದ್ದೀಯೆ, ಮಗು?”