ಗುಡಿ ಬಾಗಿಲಲ್ಲಿ ಚಪ್ಪಲಿ ಜೋಡಿ

ಯಾತ್ರೆಗೆ ಹೊರಟ ಚಪ್ಪಲಿ ಜೋಡಿಗೆ ಕೈಚೀಲವು ಪ್ರಯಾಣದ ವಿಮೆ ಕೊಡಲು ಬಂತು.

"ಮಳೆ ಬಂದರೆ ನನ್ನೊಳಗೆ ಇಟ್ಟುಕೊಳ್ಳುತ್ತೇನೆ. ಬಾರು ಕಿತ್ತರೆ ಹೊಲಿಸುತ್ತೇನೆ."

ಎಡದವಳು ಕೇಳಿದಳು, "ಗುಡಿ ಬಾಗಿಲಲ್ಲಿ ನಮ್ಮನ್ನು ಕಳ್ಳ ಒಯ್ದರೆ?"

"ಅದು ಸೇರಿಲ್ಲ ತಾಯಿ. ನಿಮ್ಮನ್ನು ಗುಡಿಯೊಳಗೆ ತರುವ ಹಾಗಿಲ್ಲವಲ್ಲ."

"ನಮಗಿದ್ದ ದೊಡ್ಡ ಭಯವೇ ಅದು," ಎಂದ ಬಲದವನು. "ಇರಲಿ ಬಿಡು. ಮಳೆಗೆ, ಹೊಲಿಗೆಗೆ ನೀನು. ಕಳ್ಳನನ್ನು ನಾವು ನೋಡಿಕೊಳ್ತೀವಿ."

ಗುಡಿ ಬಂತು. ಅವನು ಈಚೆ ಕಂಬದ ಬುಡದಲ್ಲಿ ನಿಂತ. ಅವಳು ಆಚೆ ಕಂಬಕ್ಕೆ ಹೋದಳು. ಕಳ್ಳ ಬಂದು ನೋಡಿದ. ಒಂಟಿ ಚಪ್ಪಲಿ ಕಟ್ಟಿಕೊಂಡು ಏನು ಮಾಡಲಿ ಎಂದು ಎರಡನ್ನೂ ಬಿಟ್ಟುಹೋದ.

ಮತ್ತೆ ಜೊತೆಯಾದಾಗ ಅವಳು, "ಒಬ್ಬರೇ ನಿಂತು ಹೆದರಿದ್ರಾ?" ಎಂದಳು.

"ಹೆದರಿದೆ ಕಣೇ. ಅದಕ್ಕೇ ನಿನ್ನ ಕಡೆಗೇ ಮುಖ ಮಾಡಿ ನಿಂತಿದ್ದೆ."